ಹಿರಿದೋ ಕಿರಿದೋ: ಹುಬ್ಬಳ್ಳಿ-ಧಾರವಾಡದ ಮನೆ, ಅಂಗಡಿಗಳಿಗೆ ತಕ್ಕ ವಿದ್ಯುತ್ ಪೆಟ್ಟಿಗೆ

ಪ್ರಶ್ನೆಯ ಸ್ವರೂಪ

ವಿದ್ಯುತ್ ಪೂರೈಕೆ ನಿಂತಾಗ ಮನೆಯ ದೀಪ, ಫ್ಯಾನುಗಳನ್ನು ನಡೆಸುವ ಸಾಧನವೆಂದರೆ ಕರ್ನಾಟಕದ ಊರುಗಳಲ್ಲಿ ಬಹುಕಾಲ ಒಂದೇ ಅರ್ಥವಿತ್ತು: ಪಡಸಾಲೆಯ ಮೂಲೆಯಲ್ಲೋ ಮೆಟ್ಟಿಲ ಕೆಳಗೋ ಇಟ್ಟ ಸೀಸ-ಆಮ್ಲದ ಬ್ಯಾಟರಿ, ಅದರ ಪಕ್ಕದಲ್ಲಿ ಒಂದು ಇನ್ವರ್ಟರ್. ಜನರ ಮಾತಿನಲ್ಲಿ ಇದು ‘ಯುಪಿಎಸ್’. ಇತ್ತೀಚಿನ ವರ್ಷಗಳಲ್ಲಿ ಇದಕ್ಕೆ ಪೈಪೋಟಿಯಾಗಿ ಇನ್ನೊಂದು ಸಾಧನ ಬಂದಿದೆ. ಲಿಥಿಯಂ ಬ್ಯಾಟರಿ, ಅದನ್ನು ಅತಿಯಾದ ಚಾರ್ಜು ಮತ್ತು ಕಾವಿನಿಂದ ಕಾಯುವ ನಿಯಂತ್ರಣ ವ್ಯವಸ್ಥೆ, ಬ್ಯಾಟರಿಯ ನೇರ ಪ್ರವಾಹವನ್ನು ಮನೆಬಳಕೆಯ 230 ವೋಲ್ಟ್‌ನ ಪರ್ಯಾಯ ಪ್ರವಾಹವನ್ನಾಗಿ ಬದಲಿಸುವ ಇನ್ವರ್ಟರ್, ಗೋಡೆಯ ಸಾಕೆಟ್‌ನಿಂದಲೂ ಸೌರ ಫಲಕದಿಂದಲೂ ತುಂಬಿಕೊಳ್ಳುವ ಏರ್ಪಾಡು, ಇವೆಲ್ಲವನ್ನೂ ಹಿಡಿಕೆಯಿರುವ ಒಂದೇ ಕವಚದೊಳಗೆ ಕೂಡಿಸಿದ ಈ ಸಾಧನವನ್ನು ಮಾರುಕಟ್ಟೆಯಲ್ಲಿ ‘ಪೋರ್ಟಬಲ್ ಪವರ್ ಸ್ಟೇಷನ್’ ಎನ್ನುತ್ತಾರೆ. ಈ ಲೇಖನದಲ್ಲಿ ಅದನ್ನು ‘ವಿದ್ಯುತ್ ಪೆಟ್ಟಿಗೆ’ ಎಂದು ಕರೆಯಲಾಗಿದೆ.

ಹೆಸರು ಒಂದೇ ಆದರೂ ಅದರಡಿ ಮಾರಾಟವಾಗುವ ವಸ್ತುಗಳ ನಡುವಿನ ಅಂತರ ಬಹಳ ದೊಡ್ಡದು. ಜಗತ್ತಿನ ಮಾರುಕಟ್ಟೆಯಲ್ಲಿ ಪರಿಚಿತವಾದ ಇಕೋಫ್ಲೋ ಸಂಸ್ಥೆಯ ಮಾದರಿಗಳನ್ನೇ ಅಳತೆಗೋಲಾಗಿ ನೋಡಿದರೆ, ‘ರಿವರ್ 2’ ಎಂಬುದು 256 ವ್ಯಾಟ್-ಗಂಟೆಯ, ಮೂರೂವರೆ ಕಿಲೋ ತೂಕದ ಪೆಟ್ಟಿಗೆ. ‘ಡೆಲ್ಟಾ 2’ ಎಂಬುದು 1,024 ವ್ಯಾಟ್-ಗಂಟೆಯ, 12 ಕಿಲೋ ತೂಕದ್ದು. ‘ಡೆಲ್ಟಾ ಪ್ರೊ’ ಎಂಬುದು 3,600 ವ್ಯಾಟ್-ಗಂಟೆಯ, 45 ಕಿಲೋ ತೂಕದ್ದು. ಮೊದಲನೆಯದನ್ನು ಶಾಲೆಗೆ ಹೋಗುವ ಮಗು ಎತ್ತಬಲ್ಲದು, ಕೊನೆಯದನ್ನು ಮೇಲಂತಸ್ತಿಗೆ ಸಾಗಿಸಲು ಇಬ್ಬರು ಬೇಕು. ಹೀಗಿರುವಾಗ ಹುಬ್ಬಳ್ಳಿ-ಧಾರವಾಡದಂಥ ಅವಳಿ ನಗರದಲ್ಲಿ ಬದುಕುವ ಕುಟುಂಬ, ವಿದ್ಯಾರ್ಥಿ, ಅಂಗಡಿಕಾರ ಮತ್ತು ರೋಗಿ ಯಾವ ಗಾತ್ರವನ್ನು ಆರಿಸಿಕೊಳ್ಳಬೇಕು ಎಂಬುದು ಈ ಸಮೀಕ್ಷೆಯ ವಿಷಯ. ಒಮ್ಮೆಗೇ ದೊಡ್ಡದನ್ನು ಕೊಂಡರೆ ಮುಂದಿನ ಚಿಂತೆಯಿಲ್ಲ ಎಂಬುದು ಒಂದು ಪಕ್ಷ. ನಿತ್ಯದ ಅಗತ್ಯ ಚಿಕ್ಕದಾಗಿರುವುದರಿಂದ ಚಿಕ್ಕದೇ ಸಾಕು ಎಂಬುದು ಇನ್ನೊಂದು ಪಕ್ಷ. ಎರಡರಲ್ಲಿಯೂ ಹುರುಳಿದೆ; ಯಾವುದು ಯಾರಿಗೆ ಸಲ್ಲುತ್ತದೆ ಎಂಬುದನ್ನು ಲೆಕ್ಕದಿಂದ ತಿಳಿಯಬಹುದು.

ಅಳತೆಯ ಮಾತುಗಳು

ಪೆಟ್ಟಿಗೆಯ ಗಾತ್ರವನ್ನು ಹೇಳುವ ಮಾತುಗಳು ಮುಖ್ಯವಾಗಿ ಎರಡು, ಮತ್ತು ಇವೆರಡನ್ನು ಬೆರೆಸಿಕೊಳ್ಳುವುದೇ ಹೆಚ್ಚಿನ ತಪ್ಪು ಖರೀದಿಗಳಿಗೆ ಮೂಲ. ವ್ಯಾಟ್ ಎಂಬುದು ಒಂದು ಕ್ಷಣದಲ್ಲಿ ಎಷ್ಟು ಬಲ ಬೇಕೆಂಬುದರ ಅಳತೆ. ವ್ಯಾಟ್-ಗಂಟೆ ಎಂಬುದು ಒಟ್ಟು ಎಷ್ಟು ವಿದ್ಯುತ್ತು ಕೂಡಿಟ್ಟಿದೆ ಎಂಬುದರ ಅಳತೆ. ಕೆರೆಯ ಹೋಲಿಕೆಯಲ್ಲಿ ಹೇಳುವುದಾದರೆ, ತೂಬಿನ ಅಗಲ ವ್ಯಾಟ್, ಕೆರೆಯ ನೀರು ವ್ಯಾಟ್-ಗಂಟೆ. ಒಂದು ಸಾವಿರ ವ್ಯಾಟ್-ಗಂಟೆಯೆಂದರೆ ವಿದ್ಯುತ್ ಬಿಲ್ಲಿನಲ್ಲಿ ಬರುವ ಒಂದು ಯೂನಿಟ್. 750 ವ್ಯಾಟಿನ ಮಿಕ್ಸರ್ ಐದು ನಿಮಿಷ ತಿರುಗಿದರೆ ಸುಮಾರು 62 ವ್ಯಾಟ್-ಗಂಟೆ ಮಾತ್ರ ಖರ್ಚಾಗುತ್ತದೆ, ಆದರೆ 300 ವ್ಯಾಟಿನ ಇನ್ವರ್ಟರ್ ಉಳ್ಳ ಪೆಟ್ಟಿಗೆಯಲ್ಲಿ ಎಷ್ಟೇ ವಿದ್ಯುತ್ತು ತುಂಬಿದ್ದರೂ ಆ ಮಿಕ್ಸರ್ ತಿರುಗುವುದಿಲ್ಲ. ಅದೇ ಪೆಟ್ಟಿಗೆ 12 ವ್ಯಾಟಿನ ವೈಫೈ ರೌಟರನ್ನು ಇಡೀ ರಾತ್ರಿ ನಡೆಸಬಲ್ಲದು.

ಇದರ ಜೊತೆಗೆ ಆರಂಭದ ಜಿಗಿತವನ್ನೂ ಗಮನಿಸಬೇಕಾಗುತ್ತದೆ. ಮೋಟಾರ್ ಇರುವ ಯಾವುದೇ ಉಪಕರಣ, ಅಂದರೆ ಫ್ರಿಜ್, ನೀರೆತ್ತುವ ಪಂಪು, ಗ್ರೈಂಡರ್ ಮೊದಲಾದವು, ಚಾಲೂ ಆಗುವ ಗಳಿಗೆಯಲ್ಲಿ ತಮ್ಮ ಸಾಮಾನ್ಯ ಬಳಕೆಯ ಹಲವು ಪಟ್ಟು ಪ್ರವಾಹವನ್ನು ಎಳೆಯುತ್ತವೆ. ನಡೆಯುವಾಗ 150 ವ್ಯಾಟ್ ಸಾಕೆನ್ನುವ ಫ್ರಿಜ್ ಎದ್ದೇಳುವಾಗ ಆರೇಳು ನೂರು ವ್ಯಾಟ್ ಅಥವಾ ಅದಕ್ಕೂ ಹೆಚ್ಚು ಬೇಡಬಹುದು. ಆದ್ದರಿಂದಲೇ ತಯಾರಕರು ನಿರಂತರ ಸಾಮರ್ಥ್ಯ ಮತ್ತು ಕ್ಷಣಿಕ ಸಾಮರ್ಥ್ಯ ಎಂಬ ಎರಡು ಅಂಕಿಗಳನ್ನು ಕೊಡುತ್ತಾರೆ. ದೊಡ್ಡದಾಗಿ ಮುದ್ರಿಸಿದ ಅಂಕಿ ಎರಡನೆಯದಾಗಿದ್ದರೆ ಕೊಳ್ಳುವವರು ಮೊದಲನೆಯದನ್ನು ಹುಡುಕಿ ನೋಡಬೇಕು.

ಮೂರನೆಯ ಗೊಂದಲ ಮಿಲಿಆಂಪಿಯರ್-ಗಂಟೆಯದು. ಚಿಕ್ಕ ಪೆಟ್ಟಿಗೆಗಳ ಮೇಲೆ 80,000 ಮಿಲಿಆಂಪಿಯರ್-ಗಂಟೆ ಎಂದು ಬರೆದಿರುತ್ತದೆ, ಮನೆಯ ಯುಪಿಎಸ್ ಬ್ಯಾಟರಿಯ ಮೇಲೆ 150 ಆಂಪಿಯರ್-ಗಂಟೆ ಎಂದಿರುತ್ತದೆ. ಒಂದು 80, ಇನ್ನೊಂದು 150 ಆದ್ದರಿಂದ ಮೊದಲನೆಯದು ಎರಡನೆಯದರ ಅರ್ಧಕ್ಕಿಂತ ಹೆಚ್ಚು ಎಂದು ತೋರಬಹುದು. ಆದರೆ ಮೊದಲನೆಯದನ್ನು ಅಳೆದದ್ದು 3.7 ವೋಲ್ಟ್‌ನ ಲಿಥಿಯಂ ಕೋಶದ ಲೆಕ್ಕದಲ್ಲಿ, ಎರಡನೆಯದನ್ನು ಅಳೆದದ್ದು 12 ವೋಲ್ಟ್‌ನ ಲೆಕ್ಕದಲ್ಲಿ. ವೋಲ್ಟಿನಿಂದ ಗುಣಿಸಿದರೆ ಮೊದಲನೆಯದು 296 ವ್ಯಾಟ್-ಗಂಟೆ, ಎರಡನೆಯದು 1,800 ವ್ಯಾಟ್-ಗಂಟೆ. ಅಂದರೆ ಆರರಲ್ಲಿ ಒಂದು ಪಾಲು. ಆಂಪಿಯರ್ ಲೆಕ್ಕವನ್ನು ಬದಿಗಿಟ್ಟು ವ್ಯಾಟ್-ಗಂಟೆಯೊಂದನ್ನೇ ಹೋಲಿಸುವುದು ಸುರಕ್ಷಿತವಾದ ರೂಢಿ. ಈ ಅಂಕಿಯೂ ಪೂರ್ತಿಯಾಗಿ ಕೈಗೆ ಸಿಗುವುದಿಲ್ಲ: ಪ್ರವಾಹವನ್ನು ಬದಲಿಸುವಾಗ ಕಾವಾಗಿ ಹೋಗುವ ಪಾಲನ್ನು ಕಳೆದರೆ ನೂರರಲ್ಲಿ 85 ಪಾಲು ದಕ್ಕಿತೆಂದು ಎಣಿಸುವುದು ವಾಡಿಕೆ.

ಅವಳಿ ನಗರದಲ್ಲಿ ಕರೆಂಟು ಹೋಗುವ ಬಗೆ

ಎಷ್ಟು ದೊಡ್ಡ ಪೆಟ್ಟಿಗೆ ಬೇಕೆಂಬುದು ಕರೆಂಟು ಎಷ್ಟು ಹೊತ್ತು ಹೋಗುತ್ತದೆ ಎಂಬುದನ್ನು ಅವಲಂಬಿಸಿದೆ. ಧಾರವಾಡ, ಬೆಳಗಾವಿ, ಗದಗ, ಹಾವೇರಿ, ಉತ್ತರ ಕನ್ನಡ, ಬಾಗಲಕೋಟೆ ಮತ್ತು ವಿಜಯಪುರ ಎಂಬ ಏಳು ಜಿಲ್ಲೆಗಳಿಗೆ ವಿದ್ಯುತ್ ಹಂಚುವ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಹೆಸ್ಕಾಂ, 2002ರಲ್ಲಿ ಕೆಲಸ ಆರಂಭಿಸಿತು. ಅದರ ಪ್ರಧಾನ ಕಚೇರಿ ಎರಡೂ ನಗರಗಳ ನಡುವಿನ ನವನಗರದಲ್ಲಿದೆ. ಹಿಂದಿನ ದಶಕಗಳ ಕಡಿತ ಮುಖ್ಯವಾಗಿ ಕೊರತೆಯಿಂದ ಹುಟ್ಟಿದ್ದು: ಉತ್ಪಾದನೆ ಸಾಲದಾದಾಗ ಸರದಿಯ ಮೇಲೆ ಗಂಟೆಗಟ್ಟಲೆ ಪೂರೈಕೆ ನಿಲ್ಲಿಸುವ ಲೋಡ್ ಶೆಡ್ಡಿಂಗ್. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರದ 765 ಕಿಲೋವೋಲ್ಟ್ ಮಾರ್ಗದ ಮೂಲಕ ದಕ್ಷಿಣ ಭಾರತದ ಜಾಲ ದೇಶದ ಉಳಿದ ಜಾಲದೊಂದಿಗೆ ಒಂದಾದ ಮೇಲೆ ಹೊರಗಿನಿಂದ ವಿದ್ಯುತ್ ತರುವ ದಾರಿ ಅಗಲವಾಯಿತು. ನಗರಗಳಲ್ಲಿ ಸರದಿಯ ಕಡಿತ ದಿನಚರಿಯ ಭಾಗವಾಗಿ ಉಳಿಯಲಿಲ್ಲ. ಆದರೂ ಮಳೆ ಕೈಕೊಟ್ಟ 2023ರಲ್ಲಿ ರಾಜ್ಯ ಮತ್ತೆ ವಿದ್ಯುತ್ ಕೊರತೆಯನ್ನು ಕಂಡಿತು.

ಈಗಿನ ಕಡಿತಗಳ ಬೇರು ಹೆಚ್ಚಾಗಿ ಸ್ಥಳೀಯವಾದದ್ದು. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗು, ಸಿಡಿಲು, ಬಿರುಗಾಳಿಯೊಡನೆ ಬರುವ ಮುಂಗಾರುಪೂರ್ವ ಮಳೆ ಕೊಂಬೆಗಳನ್ನು ತಂತಿಯ ಮೇಲೆ ಕೆಡವುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡಿನ ಸೆರಗಿನಲ್ಲಿರುವ ಧಾರವಾಡದಲ್ಲಿ ಜಿಟಿಜಿಟಿ ಮಳೆ ಮತ್ತು ಗಾಳಿ ಬಿಡುವಿಲ್ಲದೆ ಇರುತ್ತವೆ. ಇವುಗಳ ಜೊತೆಗೆ ಟ್ರಾನ್ಸ್‌ಫಾರ್ಮರ್ ಕೆಡುವುದು, ಮೊದಲೇ ತಿಳಿಸಿ ಹಗಲು ಹೊತ್ತು ನಡೆಸುವ ನಿರ್ವಹಣೆ ಕಾಮಗಾರಿ. ನಗರದೊಳಗೆ ಇಂಥ ಕಡಿತವನ್ನು ನಿಮಿಷಗಳಿಂದ ಕೆಲವು ಗಂಟೆಗಳವರೆಗೆ ಎಣಿಸಬಹುದು. ಕಲಘಟಗಿ, ಅಳ್ನಾವರದ ಕಾಡಂಚಿನ ಊರುಗಳಲ್ಲಿ, ನವಲಗುಂದದ ಎರೆಭೂಮಿಯ ಹೊಲಮನೆಗಳಲ್ಲಿ ಮುರಿದ ಕಂಬಕ್ಕೆ ಜನ ತಲುಪುವುದೇ ತಡವಾಗುವುದರಿಂದ ಅವಧಿ ಬೆಳೆಯುತ್ತದೆ. 2019ರ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ನೆರೆಯಂಥ ಆಪತ್ತಿನಲ್ಲಿ ಅದು ದಿನಗಳಾಗುತ್ತದೆ. ಹೀಗೆ ಒಂದೇ ಜಿಲ್ಲೆಯೊಳಗೆ ಮೂರು ಗಂಟೆಯ ಅಗತ್ಯವೂ ಮೂರು ದಿನದ ಅಗತ್ಯವೂ ಇವೆ, ಮತ್ತು ಇವೆರಡಕ್ಕೆ ಒಂದೇ ಗಾತ್ರದ ಪೆಟ್ಟಿಗೆಯನ್ನು ಸೂಚಿಸುವ ಯಾವ ಸಲಹೆಯೂ ನಂಬಿಕೆಗೆ ಅರ್ಹವಲ್ಲ.

ಬ್ಯಾಟರಿಯ ಒಳಗಿನ ರಸಾಯನ

ಪೆಟ್ಟಿಗೆಯ ತೂಕ, ಆಯುಷ್ಯ ಮತ್ತು ಸುರಕ್ಷತೆಯನ್ನು ನಿರ್ಧರಿಸುವುದು ಅದರೊಳಗಿನ ಕೋಶದ ರಸಾಯನ. ಇಂದು ಎರಡು ಬಗೆಯ ಲಿಥಿಯಂ ಕೋಶಗಳು ಬಳಕೆಯಲ್ಲಿವೆ. ನಿಕಲ್, ಮ್ಯಾಂಗನೀಸ್ ಮತ್ತು ಕೋಬಾಲ್ಟ್ ಕೂಡಿದ ಎನ್ಎಂಸಿ ಕೋಶಗಳು ಕಡಿಮೆ ತೂಕದಲ್ಲಿ ಹೆಚ್ಚು ವಿದ್ಯುತ್ತನ್ನು ಹಿಡಿಯುತ್ತವೆ, ಆದರೆ ಐನೂರರಿಂದ ಸಾವಿರ ಬಾರಿ ಪೂರ್ತಿ ತುಂಬಿ ಖಾಲಿಯಾಗುವಷ್ಟರಲ್ಲಿ ಗಣನೀಯವಾಗಿ ಸೊರಗುತ್ತವೆ. ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್ಎಫ್‌ಪಿ ಕೋಶಗಳು ತುಸು ಭಾರವಾದವು, ಆದರೆ ಮೂರು ಸಾವಿರ ಬಾರಿಯ ಬಳಕೆಯ ನಂತರವೂ ಮೂಲ ಸಾಮರ್ಥ್ಯದ ನೂರಕ್ಕೆ 80ರಷ್ಟನ್ನು ಉಳಿಸಿಕೊಳ್ಳುವಂತೆ ಅವುಗಳನ್ನು ತಯಾರಿಸಲಾಗುತ್ತದೆ. ಕಾವೇರಿದಾಗ ಬೆಂಕಿ ಹೊತ್ತಿಕೊಳ್ಳುವ ಸಂಭವವೂ ಅವುಗಳಲ್ಲಿ ಕಡಿಮೆ. ಈ ಎರಡನೆಯ ವಸ್ತುವನ್ನು ಬ್ಯಾಟರಿಗೆ ತಕ್ಕದ್ದೆಂದು ಲೋಕಕ್ಕೆ ತೋರಿಸಿದ್ದು ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಎ. ಕೆ. ಪಾಢಿ, ಕೆ. ಎಸ್. ನಂಜುಂಡಸ್ವಾಮಿ ಮತ್ತು ಜಾನ್ ಗುಡ್‌ಇನಫ್ ಅವರು 1997ರಲ್ಲಿ ಪ್ರಕಟಿಸಿದ ಸಂಶೋಧನೆ. ಗುಡ್‌ಇನಫ್ ಅವರಿಗೆ ಲಿಥಿಯಂ ಬ್ಯಾಟರಿಯ ಬೆಳವಣಿಗೆಗಾಗಿ 2019ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಇತರ ಇಬ್ಬರೊಂದಿಗೆ ನೀಡಲಾಯಿತು.

ಜಾಹೀರಾತುಗಳಲ್ಲಿ ಆವರ್ತನ ಸಂಖ್ಯೆಗೆ, ಅಂದರೆ ಎಷ್ಟು ಬಾರಿ ತುಂಬಿ ಖಾಲಿ ಮಾಡಬಹುದೆಂಬ ಅಂಕಿಗೆ, ಸಿಗುವ ಮಹತ್ವವನ್ನು ಬಳಕೆಯೊಂದಿಗೆ ತೂಗಿ ನೋಡಬೇಕು. ವಾರಕ್ಕೆ ಎರಡು ಬಾರಿ ಕರೆಂಟು ಹೋಗುವ ಮನೆಯಲ್ಲಿ ವರ್ಷಕ್ಕೆ ನೂರು ಆವರ್ತನಗಳಾಗುತ್ತವೆ. ಮೂರು ಸಾವಿರ ಆವರ್ತನ ಮುಗಿಯಲು 30 ವರ್ಷ ಬೇಕು, ಆದರೆ ಅಷ್ಟು ಹೊತ್ತಿಗೆ ಕೋಶಗಳೂ ಇನ್ವರ್ಟರಿನ ಬಿಡಿಭಾಗಗಳೂ ಬರಿಯ ವಯಸ್ಸಿನಿಂದಲೇ ಮುಗಿದಿರುತ್ತವೆ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನಿತ್ಯ ಸಂಜೆ ಗಿರಮಿಟ್-ಮಿರ್ಚಿ ಗಾಡಿ ಹಚ್ಚುವ ವ್ಯಾಪಾರಿಗೆ ಮಾತ್ರ ಪ್ರತಿ ಆವರ್ತನವೂ ದುಡಿಮೆಯ ಲೆಕ್ಕಕ್ಕೆ ಸೇರುತ್ತದೆ. ಅವನಿಗೆ ದೀರ್ಘ ಆಯುಷ್ಯದ ಎಲ್ಎಫ್‌ಪಿ ಅನಿವಾರ್ಯ. ಮನೆಯವರಿಗೆ ಅದು ಸುರಕ್ಷತೆಯ ಕಾರಣಕ್ಕೆ ಅಪೇಕ್ಷಣೀಯ.

ಮನೆಯ ಲೆಕ್ಕ

ಸಾಧಾರಣ ಮನೆಯೊಂದರಲ್ಲಿ ಕರೆಂಟು ಹೋದಾಗ ನಡೆಯಬೇಕಾದದ್ದು ಎರಡು ಫ್ಯಾನು, ನಾಲ್ಕು ದೀಪ ಮತ್ತು ಒಂದು ರೌಟರ್ ಎಂದಿಟ್ಟುಕೊಳ್ಳಬಹುದು. ಹಳೆಯ ಬಗೆಯ ಫ್ಯಾನಿಗೆ 75 ವ್ಯಾಟ್, ಎಲ್ಇಡಿ ದೀಪಕ್ಕೆ 9 ವ್ಯಾಟ್, ರೌಟರ್‌ಗೆ 12 ವ್ಯಾಟ್ ಹಿಡಿದರೆ ಒಟ್ಟು 198 ವ್ಯಾಟ್ ಆಗುತ್ತದೆ. ಮೂರು ಗಂಟೆಗೆ 594 ವ್ಯಾಟ್-ಗಂಟೆ. ಸೋರಿಕೆಯನ್ನು ಸೇರಿಸಿದರೆ ಸುಮಾರು 700 ವ್ಯಾಟ್-ಗಂಟೆಯ ಪೆಟ್ಟಿಗೆ ಬೇಕು. ಈಗ ಅದೇ ಮನೆಯಲ್ಲಿ ಎರಡು ಫ್ಯಾನುಗಳನ್ನು ತೆಗೆದು, ಕಾರ್ಬನ್ ಬ್ರಷ್ ಇಲ್ಲದೆ ಇಲೆಕ್ಟ್ರಾನಿಕ್ ನಿಯಂತ್ರಣದಿಂದ ತಿರುಗುವ ಬಿಎಲ್‌ಡಿಸಿ ಫ್ಯಾನುಗಳನ್ನು ಹಾಕಿದರೆ ಒಂದೊಂದಕ್ಕೆ 30 ವ್ಯಾಟಿನಂತೆ ಒಟ್ಟು ಬೇಡಿಕೆ 108 ವ್ಯಾಟಿಗೆ ಇಳಿಯುತ್ತದೆ, ಮೂರು ಗಂಟೆಗೆ ಸುಮಾರು 380 ವ್ಯಾಟ್-ಗಂಟೆ ಸಾಕಾಗುತ್ತದೆ. ಎರಡು ಫ್ಯಾನುಗಳ ಬದಲಾವಣೆ ಪೆಟ್ಟಿಗೆಯ ಗಾತ್ರವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ, ಮತ್ತು ಆ ಫ್ಯಾನುಗಳು ಕರೆಂಟು ಇರುವ ದಿನಗಳಲ್ಲೂ ಯೂನಿಟ್ ಉಳಿಸುತ್ತವೆ. ದೊಡ್ಡ ಪೆಟ್ಟಿಗೆಗೆ ಹಣ ಕೂಡಿಸುವ ಮೊದಲು ಬೇಡಿಕೆಯನ್ನು ತಗ್ಗಿಸುವುದು ಉತ್ತಮ ಆರ್ಥಿಕತೆ.

ಫ್ರಿಜ್ಜಿನ ವಿಷಯದಲ್ಲಿ ಇನ್ನೊಂದು ಮಾತು ಮುಖ್ಯವಾಗುತ್ತದೆ. ದೊಡ್ಡ ಪೆಟ್ಟಿಗೆಯನ್ನು ಕೊಳ್ಳಲು ಹೆಚ್ಚಿನವರು ಕೊಡುವ ಕಾರಣ ಇದೇ. ಬಾಗಿಲು ತೆರೆಯದೆ ಇಟ್ಟರೆ ಫ್ರಿಜ್ ಸುಮಾರು ನಾಲ್ಕು ಗಂಟೆಗಳ ಕಾಲ ತನ್ನ ತಂಪನ್ನು ಕಾಯ್ದುಕೊಳ್ಳುತ್ತದೆ. ನಗರದ ಬಹುಪಾಲು ಕಡಿತಗಳು ಈ ಅವಧಿಯೊಳಗೇ ಮುಗಿಯುವುದರಿಂದ ಫ್ರಿಜ್ಜಿಗಾಗಿ ಮಾತ್ರ ಸಾವಿರ ವ್ಯಾಟ್-ಗಂಟೆಗೆ ಏರಬೇಕಾದ ಅಗತ್ಯ ಸಾಮಾನ್ಯ ಮನೆಗಿಲ್ಲ; ಇನ್ಸುಲಿನ್ ಇಡುವ ಮನೆಗಳು, ಹಾಲು ಮತ್ತು ಐಸ್‌ಕ್ರೀಂ ಮಾರುವ ಅಂಗಡಿಗಳು ಇದಕ್ಕೆ ಹೊರತು. ಗೀಸರ್, ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆಗಳಂಥ ಕಾವಿನ ಉಪಕರಣಗಳು ಒಂದರಿಂದ ಮೂರು ಸಾವಿರ ವ್ಯಾಟ್ ಎಳೆಯುತ್ತವೆ. ಅವನ್ನು ಬ್ಯಾಟರಿಯಿಂದ ನಡೆಸುವುದು ಸಾಧ್ಯವಾದರೂ ಸಲ್ಲದ ಕೆಲಸ. ಇನ್ನು ಹೊಲದ ಐದು ಅಶ್ವಶಕ್ತಿಯ ತ್ರೀ ಫೇಸ್ ಪಂಪು ಯಾವ ಒಯ್ಯುವ ಪೆಟ್ಟಿಗೆಯ ವ್ಯಾಪ್ತಿಗೂ ಬರುವುದಿಲ್ಲ. ಅದಕ್ಕೆ ಸೌರ ಪಂಪಿನ ದಾರಿಯೇ ಬೇರೆ ಇದೆ.

ಸಣ್ಣ ಪೆಟ್ಟಿಗೆ ಸಲ್ಲುವ ಕಡೆ

ಇನ್ನೂರರಿಂದ ಐನೂರು ವ್ಯಾಟ್-ಗಂಟೆಯ ಪೆಟ್ಟಿಗೆಗಳ ನಿಜವಾದ ಗುಣ ಅವು ಜನರ ಹಿಂದೆ ಹೋಗಬಲ್ಲವು ಎಂಬುದು. ಧಾರವಾಡದ ಸಪ್ತಾಪುರ, ಮಾಳಮಡ್ಡಿಗಳ ಬಾಡಿಗೆ ಕೋಣೆಗಳಲ್ಲಿ ಇದ್ದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಸಾವಿರಾರು ವಿದ್ಯಾರ್ಥಿಗಳಿಗೆ ಗೋಡೆ ಕೊರೆದು ಯುಪಿಎಸ್ ಕೂಡಿಸುವ ಅನುಕೂಲವಿಲ್ಲ; ಒಂದು ದೀಪ, ಒಂದು ಮೇಜಿನ ಫ್ಯಾನು, ಒಂದು ಲ್ಯಾಪ್‌ಟಾಪ್ ನಡೆದರೆ ಅವರ ರಾತ್ರಿಯ ಓದು ನಿಲ್ಲುವುದಿಲ್ಲ. ಈ ಮೂರಕ್ಕೂ ಸೇರಿ ನೂರು ವ್ಯಾಟಿನೊಳಗೆ ಮುಗಿಯುವುದರಿಂದ 300 ವ್ಯಾಟ್-ಗಂಟೆಯ ಪೆಟ್ಟಿಗೆ ಎರಡೂವರೆ ಗಂಟೆ ದುಡಿಯುತ್ತದೆ, ಮತ್ತು ಕೋಣೆ ಬಿಟ್ಟು ಊರಿಗೆ ಹೋಗುವಾಗ ಚೀಲದೊಳಗೆ ಸೇರಿ ಹೋಗುತ್ತದೆ. ಎರಡು 10 ವ್ಯಾಟ್ ದೀಪಗಳಿಂದ ಐದು ಗಂಟೆ ವ್ಯಾಪಾರ ಮಾಡುವ ತಳ್ಳುಗಾಡಿಗೆ ದಿನಕ್ಕೆ ನೂರು ವ್ಯಾಟ್-ಗಂಟೆ ಬೇಕು. ಸಣ್ಣ ಪೆಟ್ಟಿಗೆ ಎರಡು ಸಂಜೆಗೆ ಒದಗುತ್ತದೆ. ಹಳ್ಳಿಯ ಶಾಲೆಯಲ್ಲಿ, ಊರ ಚಾವಡಿಯಲ್ಲಿ ನಡೆಯುವ ಸಣ್ಣ ಸಭೆಯ ಧ್ವನಿವರ್ಧಕಕ್ಕೆ, ಮನೆಮನೆಗೆ ಹೋಗುವ ಆರೋಗ್ಯ ತಪಾಸಣೆಯ ಉಪಕರಣಗಳಿಗೆ ಹೊಂದುವುದೂ ಇದೇ ವರ್ಗ.

ಸಣ್ಣ ಪೆಟ್ಟಿಗೆಯ ಇನ್ನೊಂದು ಗುಣ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಯಾವುದೇ ಇನ್ವರ್ಟರ್ ಚಾಲೂ ಇರುವಷ್ಟು ಹೊತ್ತೂ ತಾನೇ ಒಂದಿಷ್ಟು ವಿದ್ಯುತ್ತನ್ನು ತಿನ್ನುತ್ತದೆ, ಮತ್ತು ಇನ್ವರ್ಟರ್ ದೊಡ್ಡದಾದಷ್ಟೂ ಈ ಸ್ವಂತ ಖರ್ಚು ಏರುತ್ತದೆ. ದೊಡ್ಡ ಪೆಟ್ಟಿಗೆಯೊಂದು 20 ವ್ಯಾಟನ್ನು ತನಗಾಗಿಯೇ ಬಳಸುತ್ತಿದ್ದರೆ, 12 ವ್ಯಾಟಿನ ರೌಟರೊಂದನ್ನು ಅದಕ್ಕೆ ಜೋಡಿಸಿದಾಗ ಅರ್ಧಕ್ಕಿಂತ ಹೆಚ್ಚು ವಿದ್ಯುತ್ತು ಕೆಲಸಕ್ಕೆ ಬಾರದೆ ಹೋಗುತ್ತದೆ. ಸಣ್ಣ ಹೊರೆಯನ್ನು ಸಣ್ಣ ಪೆಟ್ಟಿಗೆಯಿಂದ, ಸಾಧ್ಯವಾದಲ್ಲಿ ಅದರ 12 ವೋಲ್ಟ್ ಅಥವಾ ಯುಎಸ್‌ಬಿ ನೇರ ಪ್ರವಾಹದ ದಾರಿಯಿಂದಲೇ ನಡೆಸುವುದು ಮಿತವ್ಯಯದ ಕ್ರಮ.

ಎರಡು ಸಣ್ಣವು ಒಂದು ದೊಡ್ಡದಕ್ಕಿಂತ ಲೇಸೇ ಎಂಬ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ, ಒಂದು ಹುಬ್ಬಳ್ಳಿಯ ಅಂಗಡಿಯಲ್ಲಿ ಇನ್ನೊಂದು ಧಾರವಾಡದ ಮನೆಯಲ್ಲಿ ಇರಬಹುದು, ಇದು ಅವುಗಳ ಬಲ. ಆದರೆ ಸಂಗ್ರಹ ಕೂಡಿದಂತೆ ಬಲ ಕೂಡುವುದಿಲ್ಲ: ತಲಾ 300 ವ್ಯಾಟಿನ ಎರಡು ಪೆಟ್ಟಿಗೆಗಳಿಂದ 500 ವ್ಯಾಟಿನ ಮಿಕ್ಸರನ್ನು ತಿರುಗಿಸಲಾಗದು. ಪ್ರತಿ ವ್ಯಾಟ್-ಗಂಟೆಗೆ ತಗಲುವ ಬೆಲೆಯೂ ಸಾಮಾನ್ಯವಾಗಿ ಸಣ್ಣದರಲ್ಲಿ ಹೆಚ್ಚು, ಏಕೆಂದರೆ ಕವಚ, ಇನ್ವರ್ಟರ್ ಮತ್ತು ನಿಯಂತ್ರಣ ವ್ಯವಸ್ಥೆಯ ಖರ್ಚು ಕಡಿಮೆ ಕೋಶಗಳ ಮೇಲೆ ಹಂಚಿಹೋಗುತ್ತದೆ.

ದೊಡ್ಡ ಪೆಟ್ಟಿಗೆಯ ಬಲ ಮತ್ತು ವಿರೋಧಾಭಾಸ

ಸಾವಿರದಿಂದ ಮೇಲಿನ ಪೆಟ್ಟಿಗೆಗಳ ಪರವಾದ ಅತ್ಯಂತ ಗಟ್ಟಿ ವಾದ ರೋಗಿಯ ಮನೆಯದು. ನಿದ್ರೆಯಲ್ಲಿ ಉಸಿರು ಕಟ್ಟುವವರು ಬಳಸುವ ಸಿಪ್ಯಾಪ್ ಯಂತ್ರ ತೇವಕಾರಕ ಇಲ್ಲದೆ ಸುಮಾರು 40 ವ್ಯಾಟಿನಲ್ಲಿ ನಡೆಯುವುದರಿಂದ ಎಂಟು ಗಂಟೆಗೆ 320 ವ್ಯಾಟ್-ಗಂಟೆ ಸಾಕು, ಅದಕ್ಕೆ 500ರ ಪೆಟ್ಟಿಗೆಯೇ ಒದಗುತ್ತದೆ. ಆದರೆ ನಿಮಿಷಕ್ಕೆ ಐದು ಲೀಟರ್ ಕೊಡುವ ಆಮ್ಲಜನಕ ಸಾಂದ್ರಕ ಯಂತ್ರ ಸುಮಾರು 350 ವ್ಯಾಟ್ ಎಳೆಯುತ್ತದೆ. 2,000 ವ್ಯಾಟ್-ಗಂಟೆಯ ದೊಡ್ಡ ಪೆಟ್ಟಿಗೆಯೂ ಅದನ್ನು ಐದು ಗಂಟೆ ಪೂರ್ತಿಯಾಗಿ ನಡೆಸಲಾರದು. ಆದ್ದರಿಂದ ಅಂಥ ಮನೆಯಲ್ಲಿ ದೊಡ್ಡ ಪೆಟ್ಟಿಗೆಯ ಜೊತೆಗೆ ಆಮ್ಲಜನಕದ ಸಿಲಿಂಡರ್ ಇರಲೇಬೇಕು, ಮತ್ತು ಆಸ್ಪತ್ರೆಗೆ ಹೊರಡುವ ಗಡುವನ್ನು ವೈದ್ಯರೊಂದಿಗೆ ಮೊದಲೇ ನಿಶ್ಚಯಿಸಿಕೊಂಡಿರಬೇಕು. ಪ್ರಾಣ ಅವಲಂಬಿಸಿರುವ ಕಡೆ ಗಾತ್ರದಲ್ಲಿ ಜಿಪುಣತನ ಸಲ್ಲದು.

ಬೇಗ ತುಂಬಿಕೊಳ್ಳುವುದು ದೊಡ್ಡ ಲಿಥಿಯಂ ಪೆಟ್ಟಿಗೆಯ ಇನ್ನೊಂದು ಶಕ್ತಿ. ಸೀಸ-ಆಮ್ಲದ ಬ್ಯಾಟರಿ ಪೂರ್ತಿ ತುಂಬಲು ಎಂಟರಿಂದ ಹನ್ನೆರಡು ಗಂಟೆ ಬೇಕಾದರೆ, ವೇಗದ ಚಾರ್ಜಿಂಗ್ ಇರುವ ಲಿಥಿಯಂ ಪೆಟ್ಟಿಗೆಗಳು ಒಂದೆರಡು ಗಂಟೆಗಳಲ್ಲಿ ತುಂಬುತ್ತವೆ. ಕರೆಂಟು ಬಂದುಹೋಗಿ ಮಾಡುವ ಮಳೆಗಾಲದ ದಿನದಲ್ಲಿ ಈ ವ್ಯತ್ಯಾಸ ನಿರ್ಣಾಯಕವಾಗುತ್ತದೆ. ಆದರೆ ಸಾವಿರ ವ್ಯಾಟಿಗಿಂತ ಹೆಚ್ಚಿನ ವೇಗದಲ್ಲಿ ತುಂಬುವ ಪೆಟ್ಟಿಗೆ ಐದಾರು ಆಂಪಿಯರ್ ಎಳೆಯುವುದರಿಂದ ಹಳೆಯ ವಾಡೆಗಳ, ಹಳೆಯ ವೈರಿಂಗಿನ 6 ಆಂಪಿಯರ್ ಸಾಕೆಟ್ಟನ್ನು ಅದಕ್ಕೆ ಬಳಸದೆ 16 ಆಂಪಿಯರ್ ಸಾಕೆಟ್ಟನ್ನೇ ಬಳಸಬೇಕು, ಅಥವಾ ಚಾರ್ಜಿಂಗ್ ವೇಗವನ್ನು ತಗ್ಗಿಸಬೇಕು.

ಇಷ್ಟಾದರೂ ದೊಡ್ಡ ಪೆಟ್ಟಿಗೆಯೊಳಗೆ ಒಂದು ವಿರೋಧಾಭಾಸವಿದೆ. ಕೊಳ್ಳುವವರು ಹೆಚ್ಚು ಬೆಲೆ ತೆರುವುದು ಅದನ್ನು ಒಯ್ಯಬಹುದು ಎಂಬ ಗುಣಕ್ಕೆ. ಆದರೆ 25 ಕಿಲೋದ ಪೆಟ್ಟಿಗೆ ಮನೆಯ ಒಂದು ಮೂಲೆ ಸೇರಿದ ಮೇಲೆ ಅಲ್ಲಿಂದ ಕದಲುವುದು ಅಪರೂಪ. ಕದಲದ ಪೆಟ್ಟಿಗೆ ಯುಪಿಎಸ್ಸಿನ ಕೆಲಸವನ್ನೇ ಮಾಡುತ್ತದೆ, ಮತ್ತು ಆ ಕೆಲಸದಲ್ಲಿ ಯುಪಿಎಸ್ಸಿಗೆ ಅನುಕೂಲಗಳು ಹೆಚ್ಚು. ಅದು ಮನೆಯ ವೈರಿಂಗಿಗೆ ಶಾಶ್ವತವಾಗಿ ಜೋಡಿಸಿರುವುದರಿಂದ ಛಾವಣಿಯ ಫ್ಯಾನು, ಗೋಡೆಯ ದೀಪಗಳು ತಾವಾಗಿಯೇ ಹತ್ತುತ್ತವೆ. ಪೆಟ್ಟಿಗೆಯಾದರೆ ಮುಂಭಾಗದ ಸಾಕೆಟ್ಟಿಗೆ ಸಿಕ್ಕಿಸಬಹುದಾದ ಉಪಕರಣಗಳನ್ನು ಮಾತ್ರ ನಡೆಸುತ್ತದೆ. ಅದೇ ಸಂಗ್ರಹಕ್ಕೆ ಸೀಸ-ಆಮ್ಲದ ಬೆಲೆ ಕಡಿಮೆ. ಸಂಗ್ರಹವೆಲ್ಲವೂ ಬಳಕೆಗೆ ಸಿಗದೆಂಬುದು, ಭಟ್ಟಿ ಇಳಿಸಿದ ನೀರು ಹಾಕುತ್ತಿರಬೇಕೆಂಬುದು, ಕೆಲವು ವರ್ಷಗಳಿಗೊಮ್ಮೆ ಬ್ಯಾಟರಿ ಬದಲಿಸಬೇಕೆಂಬುದು ಅದರ ಕೊರತೆಗಳು. ಗೋಡೆಗೆ ತಗುಲಿಸುವ ಲಿಥಿಯಂ ಇನ್ವರ್ಟರುಗಳು ಈ ಕೊರತೆಗಳನ್ನೂ ನೀಗುತ್ತಿವೆ. ಹಾಗಾಗಿ ಸ್ವಂತ ಮನೆಯಲ್ಲಿ ನೆಲೆಯೂರಿದ ಕುಟುಂಬಕ್ಕೆ ದೊಡ್ಡ ಸಂಗ್ರಹ ಬೇಕೆನಿಸಿದರೆ ಅದು ನೋಡಬೇಕಾದದ್ದು ಸ್ಥಿರವಾದ ಲಿಥಿಯಂ ಇನ್ವರ್ಟರಿನ ಕಡೆಗೆ. ದೊಡ್ಡ ಒಯ್ಯುವ ಪೆಟ್ಟಿಗೆಗೆ ನಿಜವಾದ ಅರ್ಹರು ಬಾಡಿಗೆ ಮನೆಗಳನ್ನು ಬದಲಿಸುತ್ತಿರುವವರು, ವಾಹನದಲ್ಲಿ ಸಾಗಿಸಿ ಮದುವೆ, ಚಿತ್ರೀಕರಣ, ಹೊಲದ ಕೆಲಸಗಳಲ್ಲಿ ಬಳಸುವವರು, ಮತ್ತು ರೋಗಿಯೊಂದಿಗೆ ಊರಿಂದೂರಿಗೆ ಹೋಗಬೇಕಾದವರು.

ಬಿಸಿಲು ಮತ್ತು ಮೋಡ

ಪೆಟ್ಟಿಗೆಯ ಜೊತೆ ಮಡಚುವ ಸೌರ ಫಲಕವನ್ನೂ ಮಾರಲಾಗುತ್ತದೆ. ಬೇಸಿಗೆಯ ಧಾರವಾಡದಲ್ಲಿ ನೂರು ವ್ಯಾಟಿನ ಫಲಕದಿಂದ ದಿನಕ್ಕೆ ಸುಮಾರು 400 ವ್ಯಾಟ್-ಗಂಟೆಯನ್ನು ನಿರೀಕ್ಷಿಸಬಹುದು. ಆ ಲೆಕ್ಕದಲ್ಲಿ ಸಣ್ಣ ಪೆಟ್ಟಿಗೆ ಒಂದೇ ಬಿಸಿಲಿಗೆ ತುಂಬುತ್ತದೆ, 2,000ದ ಪೆಟ್ಟಿಗೆಗೆ ಐದು ದಿನ ಬೇಕು. ಆಷಾಢ, ಶ್ರಾವಣಗಳಲ್ಲಿ ಮೋಡ ಕವಿದಾಗ ಈ ಗಳಿಕೆ ಮೂರನೇ ಒಂದಕ್ಕೆ ಇಳಿದರೂ ಅಚ್ಚರಿಯಿಲ್ಲ, ಮತ್ತು ಕರೆಂಟು ಹೆಚ್ಚಾಗಿ ಹೋಗುವ ಋತುವೂ ಅದೇ. ಆದ್ದರಿಂದ ಫಲಕವನ್ನು ನಂಬಿ ದೊಡ್ಡ ಪೆಟ್ಟಿಗೆ ಕೊಳ್ಳುವ ಯೋಚನೆ ಮಳೆಗಾಲದ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ.

2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಡಿ, 3 ಕಿಲೋವ್ಯಾಟ್ ಮತ್ತು ಮೇಲಿನ ಘಟಕಕ್ಕೆ 78,000 ರೂಪಾಯಿಯ ಸಹಾಯಧನದೊಂದಿಗೆ, ಚಾವಣಿ ಸೌರ ಘಟಕ ಹಾಕಿಸಿದವರಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ಬ್ಯಾಟರಿ ಇಲ್ಲದೆ ಜಾಲಕ್ಕೆ ಜೋಡಿಸಿದ ಇಂಥ ಘಟಕ ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ತಂತಿಯ ಮೇಲೆ ದುರಸ್ತಿ ಮಾಡುವವರ ಪ್ರಾಣರಕ್ಷಣೆಗಾಗಿ ಈ ನಿಯಮವಿದೆ. ಚಾವಣಿಯಲ್ಲಿ ಫಲಕಗಳಿದ್ದರೂ ಕತ್ತಲೆಯಲ್ಲಿ ಕೂರಬೇಕಾದ ಈ ಮನೆಗಳಿಗೂ ಸಾಧಾರಣ ಗಾತ್ರದ ಒಂದು ಪೆಟ್ಟಿಗೆ ಪೂರಕವಾಗಬಲ್ಲದು.

ಕರ್ನಾಟಕಕ್ಕೆ ಸೌರ ವಿದ್ಯುತ್ತಿನ ಗಾತ್ರ ನಿರ್ಣಯದಲ್ಲಿ ದೀರ್ಘ ಅನುಭವವಿದೆ. 1995ರಲ್ಲಿ ಸ್ಥಾಪನೆಯಾದ ಸೆಲ್ಕೊ ಸಂಸ್ಥೆ ಹಳ್ಳಿಮನೆಗಳಿಗೆ ಎರಡು ದೀಪದ, ನಾಲ್ಕು ದೀಪದ ಸೌರ ವ್ಯವಸ್ಥೆಗಳನ್ನು ಬ್ಯಾಂಕ್ ಸಾಲದ ನೆರವಿನಿಂದ ಒದಗಿಸುತ್ತ ಬಂದಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಮನೆಯವರು ಯಾವ ಹೊತ್ತಿನಲ್ಲಿ, ಎಲ್ಲಿ, ಯಾವ ಕೆಲಸಕ್ಕೆ ಬೆಳಕು ಬಯಸುತ್ತಾರೆಂದು ಮೊದಲು ಕೇಳಿ, ಆಮೇಲೆ ವ್ಯವಸ್ಥೆಯ ಗಾತ್ರವನ್ನು ಗೊತ್ತುಮಾಡುವ ಆ ಪದ್ಧತಿ ಇಂದಿನ ಲಿಥಿಯಂ ಪೆಟ್ಟಿಗೆಗೂ ಅಷ್ಟೇ ಅನ್ವಯಿಸುತ್ತದೆ.

ಸುರಕ್ಷತೆ, ದುರಸ್ತಿ, ವಿಲೇವಾರಿ

ಗಾತ್ರ ಯಾವುದೇ ಇರಲಿ, ಕೆಲವು ಎಚ್ಚರಿಕೆಗಳು ಸಮಾನ. ಎರಡೂ ತುದಿಗೆ ಪಿನ್ ಇರುವ ವೈರಿನಿಂದ ಪೆಟ್ಟಿಗೆಯನ್ನು ಗೋಡೆಯ ಸಾಕೆಟ್ಟಿಗೆ ಜೋಡಿಸಿ ಇಡೀ ಮನೆಯನ್ನು ಬೆಳಗಿಸುವ ಯತ್ನ ಪ್ರಾಣಾಂತಕವಾದದ್ದು: ಹಾಗೆ ಹೊರಗೆ ಹರಿದ ವಿದ್ಯುತ್ತು ಟ್ರಾನ್ಸ್‌ಫಾರ್ಮರಿನಲ್ಲಿ ಹಿಮ್ಮುಖವಾಗಿ 11,000 ವೋಲ್ಟಿಗೆ ಏರಿ, ಕರೆಂಟು ಇಲ್ಲವೆಂದು ನಂಬಿ ಕಂಬವೇರಿದ ಪವರ್‌ಮ್ಯಾನ್‌ನನ್ನು ಕೊಲ್ಲಬಹುದು. ಪೆಟ್ಟಿಗೆಯನ್ನು ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬಾರದು. ಬಳಸದೆ ಇಡುವಾಗ ಅರ್ಧದಷ್ಟು ತುಂಬಿಸಿಟ್ಟು ಮೂರು ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ಒಳಗಿನ ಲಿಥಿಯಂ ಬ್ಯಾಟರಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 16046 ನೋಂದಣಿ ಇದೆಯೇ ಎಂದು ನೋಡಬೇಕು, ಇನ್ವರ್ಟರ್ ಶುದ್ಧ ಸೈನ್ ಅಲೆಯದೇ ಎಂದು ವಿಚಾರಿಸಬೇಕು. ಚೌಕಾಕಾರದ ಅಲೆ ಕೊಡುವ ಅಗ್ಗದ ಪೆಟ್ಟಿಗೆಗಳಲ್ಲಿ ಫ್ಯಾನುಗಳು ಗುಂಯ್ಗುಡುತ್ತವೆ, ವೈದ್ಯಕೀಯ ಉಪಕರಣಗಳು ಕೆಡಬಹುದು.

ಅಮೆರಿಕದಲ್ಲಿರುವ ಮಕ್ಕಳಿಂದ ಪೆಟ್ಟಿಗೆ ತರಿಸುವ ಆಲೋಚನೆ ಕೆಲವು ಮನೆಗಳಲ್ಲಿ ಬರುವುದುಂಟು. ಅಲ್ಲಿನ ಪೆಟ್ಟಿಗೆ 120 ವೋಲ್ಟ್, 60 ಹರ್ಟ್ಸ್‌ನದಾದ್ದರಿಂದ ಇಲ್ಲಿಯ 230 ವೋಲ್ಟ್, 50 ಹರ್ಟ್ಸ್‌ನ ಫ್ಯಾನಿಗೂ ಮಿಕ್ಸರಿಗೂ ಹೊಂದುವುದಿಲ್ಲ. ಅಲ್ಲದೆ ವಿಮಾನ ಪ್ರಯಾಣಿಕರು ಸಾಮಾನ್ಯವಾಗಿ ನೂರು ವ್ಯಾಟ್-ಗಂಟೆಯವರೆಗಿನ ಬ್ಯಾಟರಿಯನ್ನು, ವಿಮಾನ ಸಂಸ್ಥೆಯ ಅನುಮತಿಯೊಂದಿಗೆ 160ರವರೆಗಿನದನ್ನು ಮಾತ್ರ ಕೈಚೀಲದಲ್ಲಿ ಒಯ್ಯಬಹುದು. ಅದಕ್ಕಿಂತ ದೊಡ್ಡದಕ್ಕೆ ಪ್ರಯಾಣಿಕರ ಸಾಮಾನಿನಲ್ಲಿ ಜಾಗವಿಲ್ಲ.

ದುರಸ್ತಿಯ ಪ್ರಶ್ನೆಯೂ ಗಾತ್ರದೊಂದಿಗೆ ಭಾರವಾಗುತ್ತದೆ. ಯುಪಿಎಸ್ ಬ್ಯಾಟರಿ ಕೆಟ್ಟರೆ ಹುಬ್ಬಳ್ಳಿಯ ಯಾವ ಬ್ಯಾಟರಿ ಅಂಗಡಿಯಲ್ಲೂ ಬದಲಿ ಸಿಗುತ್ತದೆ. ಮುಚ್ಚಿದ ಕವಚದ ಪೆಟ್ಟಿಗೆಯಲ್ಲಿ ಒಂದು ಭಾಗ ಕೆಟ್ಟರೂ ಇಡೀ ಪೆಟ್ಟಿಗೆ ನಿರುಪಯೋಗವಾಗಬಹುದು, ಮತ್ತು ಪೆಟ್ಟಿಗೆ ದೊಡ್ಡದಾದಷ್ಟೂ ನಷ್ಟ ದೊಡ್ಡದು. ಸೇವಾ ಕೇಂದ್ರ ಅವಳಿ ನಗರದಲ್ಲಿದೆಯೇ, ಬ್ಯಾಟರಿಯನ್ನು ಬೇರ್ಪಡಿಸಿ ಬದಲಿಸಬಹುದೇ ಎಂಬುದು ಖಾತರಿಯ ವರ್ಷಗಳಷ್ಟೇ ಮುಖ್ಯ. ಆಯುಷ್ಯ ಮುಗಿದ ಪೆಟ್ಟಿಗೆಯನ್ನು ಕಸದ ತೊಟ್ಟಿಗೆ ಹಾಕುವುದು ಬೆಂಕಿಗೆ ಆಹ್ವಾನ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ, ಆ ಹೊಣೆಯನ್ನು ಕೇಳಿ ಪಡೆಯುವುದು ಗ್ರಾಹಕರ ಹಕ್ಕು.

ತೀರ್ಮಾನ

ಇಷ್ಟೆಲ್ಲವನ್ನೂ ಒಟ್ಟಿಗೆ ತೂಗಿದಾಗ ಹುಬ್ಬಳ್ಳಿ-ಧಾರವಾಡದ ಮಟ್ಟಿಗೆ ಒಂದು ನಿಲುವು ಸ್ಪಷ್ಟವಾಗುತ್ತದೆ. ವಿದ್ಯಾರ್ಥಿ, ತಳ್ಳುಗಾಡಿಯ ವ್ಯಾಪಾರಿ ಮತ್ತು ಒಂಟಿ ಕೋಣೆಯ ನಿವಾಸಿಗೆ 300 ವ್ಯಾಟ್-ಗಂಟೆಯ ಆಸುಪಾಸಿನ ಸಣ್ಣ ಪೆಟ್ಟಿಗೆ ಸಾಕು. ಬಾಡಿಗೆ ಮನೆಯ ಕುಟುಂಬ ಮೊದಲು ಬಿಎಲ್‌ಡಿಸಿ ಫ್ಯಾನುಗಳಿಗೆ ಖರ್ಚು ಮಾಡಿ, ನಂತರ 500ರಿಂದ 1,000 ವ್ಯಾಟ್-ಗಂಟೆಯ ನಡುವಿನ, ಒಬ್ಬರೇ ಎತ್ತಬಲ್ಲ ಎಲ್ಎಫ್‌ಪಿ ಪೆಟ್ಟಿಗೆಯನ್ನು ಆರಿಸಿಕೊಳ್ಳುವುದು ವಿವೇಕ. ಸ್ವಂತ ಮನೆಯವರು ದೊಡ್ಡ ಸಂಗ್ರಹವನ್ನು ಸ್ಥಿರ ಇನ್ವರ್ಟರಿನಲ್ಲಿ ಹುಡುಕಬೇಕು. ದೊಡ್ಡ ಒಯ್ಯುವ ಪೆಟ್ಟಿಗೆಯನ್ನು ರೋಗಿಯಿರುವ ಮನೆಗಳಿಗೆ ಮತ್ತು ನಿಜವಾಗಿಯೂ ಊರೂರು ತಿರುಗುವ ಕಸುಬಿಗೆ ಬಿಡಬೇಕು. ಅಂಗಡಿಗೆ ಹೊರಡುವ ಮುನ್ನ ಮನೆಯ ಪ್ರತಿ ಉಪಕರಣದ ಹಿಂಬದಿಯ ವ್ಯಾಟ್ ಅಂಕಿಯನ್ನು ಒಂದು ಹಾಳೆಯ ಮೇಲೆ ಬರೆದು, ಅದರ ಮುಂದೆ ಅದು ನಡೆಯಬೇಕಾದ ಗಂಟೆಗಳನ್ನು ಬರೆದು ಗುಣಿಸಿ ಕೂಡಿಸಬೇಕು. ಪೆಟ್ಟಿಗೆಯ ಗಾತ್ರವನ್ನು ಆ ಹಾಳೆಯೇ ನಿರ್ಣಯಿಸಲಿ.